ದವಡೆಯ ಮೇಲಿನ ಬೆಳಕು

ಆ ದಿನದ ಕೆಲವು ವಿವರಗಳು ನನ್ನ ತಲೆಯಲ್ಲಿ ಜಾಗ ಬದಲಿಸಿವೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಟಿಕೋಟಾದ ಕಾಕಾನ ಮನೆಯ ಪಡಸಾಲೆಯ ಗೋಡೆ ಗಿಳಿಹಸಿರು ಎಂದು ಧೈರ್ಯವಾಗಿ ಬರೆಯಬಲ್ಲೆ, ಏಕೆಂದರೆ ಫೋಟೋಗಳಲ್ಲಿ ಅದು ಹಾಗೇ ಇದೆ. ಆದರೆ ತಂಗಿಯ ದವಡೆಯ ಮೇಲೆ ಕಾಡಿಗೆಯ ಬೊಟ್ಟು ಇಟ್ಟವರು ಯಾರು, ಕಾಕೂನೋ ಆಯಿಯೋ, ನೆನಪಿಲ್ಲ. ಒಂದೊಂದು ಸಲ ಕಾಕೂನ ದಪ್ಪ ಬೆರಳು ಕಾಣುತ್ತದೆ, ಇನ್ನೊಂದು ಸಲ ಆಯಿಯ ನಡುಗುವ ಬೆರಳು. ಎರಡನ್ನೂ ನಾನೇ ಆಮೇಲೆ ಸೇರಿಸಿಕೊಂಡಿರಬಹುದು. ಕ್ಯಾಮೆರಾದ ಗಡಿಯಾರವನ್ನು ಕೇಳೋಣವೆಂದರೆ ಅದನ್ನೂ ನಂಬುವಂತಿಲ್ಲ. ಒಮ್ಮೆ ಬ್ಯಾಟರಿ ಪೂರ್ತಿ ಇಳಿದು ಹೋದಾಗ ಅದು ತಾರೀಖು ಮರೆತಿತ್ತು, ನಾನು ಸರಿಪಡಿಸಿರಲಿಲ್ಲ. ಅದರ ಪ್ರಕಾರ ಆ ಫೋಟೋಗಳೆಲ್ಲ ನಾನು ಕ್ಯಾಮೆರಾ ಕೊಳ್ಳುವುದಕ್ಕಿಂತ ಎಷ್ಟೋ ವರ್ಷ ಮೊದಲು ತೆಗೆದವು.

ಕಾಕಾ ನನ್ನ ಅಪ್ಪನ ತಮ್ಮ. ಟಿಕೋಟಾದಲ್ಲಿ ದ್ರಾಕ್ಷಿ ತೋಟ, ಒಣದ್ರಾಕ್ಷಿಯ ಶೆಡ್ಡು. ಕಾಕೂ ಅವನ ಹೆಂಡತಿ, ಆಯಿ ಅವನ ತಾಯಿ. ತಂಗಿ ಎಂದು ನಾನು ಬರೆಯುವುದು ಅವರ ಒಬ್ಬಳೇ ಮಗಳನ್ನು. ಬಿ.ಎಡ್. ಮುಗಿಸಿ ವಿಜಯಪುರದ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಾಳೆ. ನಾನು ವಿಜಯಪುರದಲ್ಲೇ, ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ, ಹಳೆಯ ಮನೆಯೊಂದರ ಮಾಳಿಗೆಯ ಮೇಲೆ ಬಾಡಿಗೆಗಿದ್ದೇನೆ.

ಕಾಕೂ ಫೋನು ಮಾಡಿದ್ದು ಒಂದು ಶನಿವಾರ ಸಂಜೆ.

"ನಾಳೆ ನಿನ್ನ ಕ್ಯಾಮೆರಾ ತಗೊಂಡ ಬಾ ಬೇ. ಅದರ ಮ್ಯಾಲೆ ಕೂಡತೈತಲ್ಲ, ಮಿಂಚೋ ಲೈಟು, ಅದೂ ತಾ. ಯಾರಿಗೂ ಹೇಳಬ್ಯಾಡ."

ಬಬಲೇಶ್ವರದಿಂದ ತಂಗಿಗೆ ಒಂದು ಸಂಬಂಧ ಬಂದಿತ್ತು. ಹುಡುಗನ ಮನೆಯವರಿಗೆ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ. ತಂಗಿಯ ಮೊಬೈಲ್ ಫೋಟೋ ಕಳಿಸಿದ್ದಕ್ಕೆ ಅವರು ನಡುವಿನವರ ಕೈಯಲ್ಲಿ ಹೇಳಿ ಕಳಿಸಿದ್ದರಂತೆ: ಮೊಬೈಲಿನ ಫೋಟೋ ಬೇಡ, ಅದರಲ್ಲಿ ಎಲ್ಲರೂ ಬೆಣ್ಣೆಯ ಹಾಗೆ ಕಾಣುತ್ತಾರೆ, ಕ್ಯಾಮೆರಾದಲ್ಲಿ ತೆಗೆಸಿದ್ದು ಇದ್ದರೆ ಕಳಿಸಿ. ಹಿಂದೆ ಒಂದು ಕಡೆ ಫೋಟೋದಲ್ಲಿ ನೋಡಿದ ಹುಡುಗಿಯನ್ನು ಎದುರಿಗೆ ಗುರುತು ಹಿಡಿಯಲಾರದೆ ಬಂದಿದ್ದರಂತೆ. ಸ್ಟುಡಿಯೋಕ್ಕೆ ಯಾಕೆ ಹೋಗಬಾರದು ಎಂದು ನಾನು ಕೇಳಿದೆ.

"ಹುಚ್ಚಿ ಅದೀಯೇನು? ಸೀರಿ ಉಟಗೊಂಡ ಸ್ಟುಡಿಯೋ ಮೆಟ್ಟಲಾ ಹತ್ತಿದ್ರ, ನಾವು ಇಳಿಯೂದ್ರಾಗ ಹೊನವಾಡದ ಮಟಾ ಸುದ್ದಿ ಹೋಗಿರ್ತೈತಿ. ಕೂಡಿ ಬರಲಿಲ್ಲಂದ್ರ? ಮಂದಿ ಬಾಯಿಗೆ ನಾ ಏನ್ ಕೊಡ್ಲಿ?"

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಹೊರಟೆ. ಕ್ಯಾಮೆರಾ ಮಡಿಲಲ್ಲಿತ್ತು, ಫ್ಲ್ಯಾಶನ್ನು ಒಂದು ಟವೆಲ್ಲಿನಲ್ಲಿ ಸುತ್ತಿಕೊಂಡಿದ್ದೆ.

ಆ ಫ್ಲ್ಯಾಶಿನ ಬಗ್ಗೆ ಎರಡು ಮಾತು ಹೇಳಬೇಕು, ಏಕೆಂದರೆ ಮುಂದೆ ಎಲ್ಲರೂ ಅದನ್ನೇ ಬೈದರು. ಅದು ಅಗ್ಗದ್ದು. ದುಬಾರಿ ಫ್ಲ್ಯಾಶುಗಳು ಎದುರಿಗಿರುವುದನ್ನು ತಾವೇ ಅಳೆದು ಬೇಕಾದಷ್ಟೇ ಬೆಳಕು ಚೆಲ್ಲುತ್ತವೆ. ಇದಕ್ಕೆ ಅಂಥ ಬುದ್ಧಿಯಿಲ್ಲ. ನಾಲ್ಕು ಪೆನ್ಸಿಲ್ ಸೆಲ್ಲು ಹಾಕಿ, ಎಷ್ಟು ಬೆಳಕು ಬೇಕೆಂದು ನಾವೇ ಗುಂಡಿ ಒತ್ತಿ ಹೇಳಬೇಕು. ಪೂರ್ತಿ, ಅದರ ಅರ್ಧ, ಅದರ ಅರ್ಧ, ಹೀಗೆ ಇಳಿಯುತ್ತ ಹೋಗುತ್ತದೆ. ನಾನು ಅವುಗಳನ್ನು ಆಯಿಯಿಂದ ಕಲಿತ ಹೆಸರಿನಲ್ಲೇ ಕರೆಯುತ್ತೇನೆ: ಅರ್ಧ, ಕಾಲು, ಅರೆಕಾಲು, ವೀಸ. ಕೋಣೆಯ ಆಕಾರ, ಗೋಡೆಯ ಬಣ್ಣ, ಎದುರಿನವರ ದೂರ ಎಲ್ಲ ನೋಡಿ ಅಂದಾಜು ಮಾಡಬೇಕು, ತಪ್ಪಿದರೆ ಮತ್ತೆ ತೆಗೆಯಬೇಕು. ಈ ಅಂದಾಜು ನನಗೆ ಇಷ್ಟ. ಓಣಿಯ ಹಳೆಯ ಮನೆಗಳ ಒಳಗಿನ ಕತ್ತಲನ್ನು ಹೀಗೆ ಎಷ್ಟೋ ರವಿವಾರ ತೆಗೆದಿದ್ದೆ. ಆದರೆ ಮನುಷ್ಯರನ್ನು, ಅದೂ ಲಗ್ನದ ಮಾತಿಗೆ ಕುಳಿತವರನ್ನು, ತೆಗೆದವಳಲ್ಲ.

ಮನೆಯ ಮುಂದೆ ಬೇವಿನ ಮರವಿದೆ. ಅದರ ನೆರಳಿನಲ್ಲಿ ನಿಲ್ಲಿಸಿದ್ದರೆ ಫ್ಲ್ಯಾಶೇ ಬೇಕಿರಲಿಲ್ಲ. ಕಾಕೂ ಕೇಳಲಿಲ್ಲ. ಹೊರಬಾಗಿಲು ಹಾಕಿದಳು, ಓಣಿಯ ಕಡೆಯ ಕಿಟಕಿಯನ್ನೂ ಹಾಕಿದಳು. ಪಡಸಾಲೆಯಲ್ಲಿ ಒಂದು ಟ್ಯೂಬ್ ಲೈಟು ಉಳಿಯಿತು. ಮೇಲೆ ಕಪ್ಪಾದ ಸಾಗವಾನಿ ಜಂತಿ. ಅದಕ್ಕೆ ಬಡಿದ ಬೆಳಕು ವಾಪಸು ಬರುವುದಿಲ್ಲ, ಅಲ್ಲೇ ಇಂಗಿ ಹೋಗುತ್ತದೆ.

ತಂಗಿ ಅರಿಷಿಣ ಬಣ್ಣದ ಇಳಕಲ್ ಸೀರೆ ಉಟ್ಟು ನಿಂತಿದ್ದಳು. ತಲೆ ತುಂಬ ಮಲ್ಲಿಗೆ. ಎಡಗಡೆ, ಕಿವಿಯ ಕೆಳಗೆ ದವಡೆ ತಿರುಗುವಲ್ಲಿ, ಕಾಡಿಗೆಯ ಬೊಟ್ಟು. ದೃಷ್ಟಿ ತಾಗಬಾರದೆಂದು ಇಡುವ ಬೊಟ್ಟು ಸಣ್ಣದಿರುತ್ತದೆ. ಇದು ಹುಣಸೆ ಬೀಜದಷ್ಟಿತ್ತು.

ಮೊದಲ ಫೋಟೋ ತೆಗೆದೆ. ಕ್ಯಾಮೆರಾ ಅಡ್ಡ ಹಿಡಿಯದೆ ನಿಲ್ಲಿಸಿ ಹಿಡಿದಿದ್ದೆ. ಕಾಕೂ ಆಗಲೇ ನನ್ನ ಭುಜದ ಮೇಲಿಂದ ಇಣುಕಿದ್ದಳು. ಪರದೆಯ ಮೇಲೆ ತಂಗಿಯ ಅರ್ಧ ಮುಖ ಇತ್ತು. ಇನ್ನರ್ಧ ಕಪ್ಪು.

"ಅಯ್ಯ ಶಿವನ! ಅರ್ಧಾ ಮಾರಿ ಎಲ್ಲಿ ಹೋತು?"

"ಏನೂ ಆಗಿಲ್ಲ ಕಾಕೂ. ಕ್ಯಾಮೆರಾದ ಬಾಗಿಲಾ ಭಾಳ ಲಗೂ ಮುಚ್ಚೇತಿ, ಲೈಟು ಪೂರ್ತಿ ಒಳಗ ಹೋಗಿಲ್ಲ. ವೇಗ ಕಮ್ಮಿ ಮಾಡ್ತೀನಿ."

"ಮೊದಲನೇದ ಹಿಂಗ ಬಂತಲ್ಲ. ಅಳಸು, ಅಳಸು ಅದನ್ನ!"

ಅಗ್ಗದ ಫ್ಲ್ಯಾಶನ್ನು ಕ್ಯಾಮೆರಾದ ತಲೆಗೇರಿಸಿದಾಗ ಎಲ್ಲರೂ ಮೊದಲು ಮಾಡುವ ತಪ್ಪು ಇದು. ಇದನ್ನು ನಾನು ಮಾಡಬಾರದಿತ್ತು. ಅಳಿಸಿದೆ. ಹೊರಸಿನ ಮೇಲೆ ಕುಳಿತಿದ್ದ ಆಯಿ ಕಣ್ಣುಜ್ಜಿಕೊಂಡು ಹೇಳಿದಳು:

"ಇಷ್ಟ ಮಿಂಚು ಹೊಡದ್ರ ಮಳಿ ಬಂದೀತು ಬೇ. ಶೆಡ್ಡಿನ್ಯಾಗ ದ್ರಾಕ್ಷಿ ಒಣಾಕತ್ತಾವು, ಸ್ವಲ್ಪ ನೋಡಿ ಹೊಡಿ."

ತಂಗಿ ನಕ್ಕಳು. ನಗುವಾಗಲೂ ಎಡಗಡೆಯನ್ನು ಗೋಡೆಯ ಕಡೆಗೆ ತಿರುಗಿಸಿಯೇ ನಕ್ಕಳು. ಅದನ್ನು ಆಗಲೇ ಗಮನಿಸಿದ್ದೆನೋ, ಈಗ ಬರೆಯುವಾಗ ಗಮನಿಸುತ್ತಿದ್ದೇನೋ, ಹೇಳಲಾರೆ.

ಎರಡನೆಯ ಸಲ ಫ್ಲ್ಯಾಶಿನ ಮುಖವನ್ನು ಗೋಡೆಗೆ ತಿರುಗಿಸಿದೆ. ನೇರ ಹೊಡೆದ ಬೆಳಕಿಗೆ ಮುಖ ತಟ್ಟೆಯ ಹಾಗೆ ಚಪ್ಪಟೆಯಾಗುತ್ತದೆ. ಗೋಡೆಗೆ ಬಡಿದು ಬಂದರೆ ಮೆತ್ತಗಾಗುತ್ತದೆ. ಆದರೆ ಗೋಡೆ ಗಿಳಿಹಸಿರು. ತಂಗಿಯ ಗಲ್ಲವೂ ಗಿಳಿಹಸಿರಾಗಿ ಬಂತು. ಕಾಕೂ ಈ ಸಲ ಹಣೆ ಹಿಡಿದುಕೊಂಡಳು. ನಾನು ಒಳಗೆ ಹೋಗಿ, ಗಳುವಿನ ಮೇಲೆ ಮಡಿಕೆ ಹಾಕಿದ್ದ ಕಾಕಾನ ಬಿಳಿ ಧೋತರ ತಂದು, ಹಗ್ಗ ಕಟ್ಟಿ ಗೋಡೆಯ ಮುಂದೆ ಇಳಿಬಿಟ್ಟೆ. ಧೋತರಕ್ಕೆ ಬಡಿದ ಬೆಳಕು ಸರಿಯಾಗಿ ಬಂತು. ಫ್ಲ್ಯಾಶನ್ನು ಕಾಲು ಬೆಳಕಿಗೆ ಇಟ್ಟಿದ್ದೆ. ಮುಖ ಮುಖದಂತೆ ಕಂಡಿತು. ಕಾಡಿಗೆಯ ಬೊಟ್ಟು ಮಾತ್ರ ದೊಡ್ಡ ಮಚ್ಚೆಯ ಹಾಗೆ ಎದ್ದು ಕಂಡಿತು.

"ಆ ಬೊಟ್ಟು ಒರೆಸ್ಬೇಕು ಕಾಕೂ. ಅವರು ಮಚ್ಚಿ ಅನ್ಕೋತಾರ."

"ಇರ್ಲಿ ಬಿಡು. ದೃಷ್ಟಿ ಬೊಟ್ಟು ಅಂತ ಹೇಳಿದ್ರಾತು."

"ಕ್ಯಾಮೆರಾದ್ದ ಬೇಕು ಅಂತ ಕೇಳಿದ್ದ ಯಾಕ? ಏನೂ ಮುಚ್ಚಬಾರ್ದು ಅಂತಲ್ಲ? ಬೊಟ್ಟು ನೋಡಿ ಏನೋ ಮುಚ್ಯಾರ ಅಂದ್ರ?"

ನಾನು ಅದನ್ನು ಸುಮ್ಮನೆ ವಾದಕ್ಕೆಂದು ಹೇಳಿದ್ದು. ಕಾಕೂ ನನ್ನನ್ನು ಒಂದು ಥರ ನೋಡಿದಳು. ಆಮೇಲೆ ತಂಗಿಯೇ ಒಳಗೆ ಹೋಗಿ, ಕೊಬ್ಬರಿ ಎಣ್ಣೆ ಹಚ್ಚಿ, ಬೊಟ್ಟು ಒರೆಸಿಕೊಂಡು ಬಂದಳು.

ತೆಗೆದೆ. ಪರದೆಯ ಮೇಲೆ ಫೋಟೋ ದೊಡ್ಡದು ಮಾಡಿದೆ. ಕಣ್ಣು ಸ್ಪಷ್ಟವಾಗಿದೆಯೇ ಎಂದು ನೋಡುವುದು ರೂಢಿ. ಕಣ್ಣಿನಿಂದ ಕೆಳಗೆ ಸರಿಸಿದಾಗ, ಬೊಟ್ಟು ಇದ್ದ ಜಾಗದಲ್ಲಿ, ಬಿಳಿ.

ಮೊದಲು ಸಮಾಧಾನ ಪಟ್ಟುಕೊಂಡೆ. ಎಣ್ಣೆ ಹಚ್ಚಿದ ಚರ್ಮ ಹೊಳೆಯುತ್ತದೆ, ಫ್ಲ್ಯಾಶು ಅದನ್ನು ಎತ್ತಿ ತೋರಿಸುತ್ತದೆ. ಮೂಗಿನ ತುದಿಯಲ್ಲೂ ಅಂಥದೇ ಒಂದು ಹೊಳಪಿತ್ತು.

"ಎಣ್ಣಿ ಹೊಳ್ಯಾಕತ್ತೈತಿ. ಮಾರಿ ತೊಳಕೊಂಡ ಬಾ," ಎಂದೆ.

ತಂಗಿ ತೊಳೆದುಕೊಂಡು, ಒರೆಸಿಕೊಂಡು, ಪೌಡರು ಹಚ್ಚಿ ಬಂದಳು. ತೆಗೆದೆ. ಮೂಗಿನ ಹೊಳಪು ಹೋಗಿತ್ತು. ದವಡೆಯ ಬಿಳುಪು ಅಲ್ಲೇ ಇತ್ತು.

ಬೆಳಕಿನ ಹೊಳಪಿಗೆ ಒಂದು ಗುಣವಿದೆ. ದೀಪ ಸರಿದರೆ ಅದೂ ಸರಿಯುತ್ತದೆ. ಚರ್ಮದ ಬಣ್ಣ ಸರಿಯುವುದಿಲ್ಲ. ನಾನು ಧೋತರವನ್ನು ಎಡಗಡೆಯಿಂದ ಬಿಚ್ಚಿ ಬಲಗಡೆಗೆ ಕಟ್ಟಿದೆ. ಯಾಕೆಂದು ಯಾರಿಗೂ ಹೇಳಲಿಲ್ಲ. ತೆಗೆದೆ. ನೆರಳುಗಳೆಲ್ಲ ಆಚೆ ಬದಿಗೆ ಹೋಗಿದ್ದವು, ಮೂಗಿನ ನೆರಳು, ಗದ್ದದ ನೆರಳು. ಬಿಳುಪು ಇದ್ದಲ್ಲೇ ಇತ್ತು. ಅರೆಕಾಲಿಗೆ ಇಳಿಸಿದೆ, ವೀಸಕ್ಕೆ ಇಳಿಸಿದೆ. ಮುಖವೆಲ್ಲ ಮಬ್ಬಾಯಿತು, ಅದೂ ಮಬ್ಬಾಯಿತು, ಆದರೆ ಸುತ್ತಲಿನ ಚರ್ಮಕ್ಕಿಂತ ಬೇರೆಯಾಗಿಯೇ ಉಳಿಯಿತು. ಕೊನೆಗೆ ಫ್ಲ್ಯಾಶು ಆರಿಸಿ ಬರೀ ಟ್ಯೂಬ್ ಲೈಟಿನಲ್ಲಿ ಒಂದು ತೆಗೆದೆ. ಅದರಲ್ಲಿ ಹುಡುಕಿದರೆ ಮಾತ್ರ ಕಾಣುತ್ತಿತ್ತು. ನಾನು ಹುಡುಕಿದೆ.

ಕ್ಯಾಮೆರಾ ಕೆಳಗಿಳಿಸಲು ಧೈರ್ಯ ಬರಲಿಲ್ಲ. ಇಳಿಸಿದರೆ ಅವಳ ಮುಖ ನೋಡಬೇಕಿತ್ತು.

"ಕಾಣ್ತೇನಕ್ಕಾ?" ಎಂದು ತಂಗಿ ಕೇಳಿದಳು.

"ಏನು?"

"ನಾಟಕಾ ಮಾಡಬ್ಯಾಡ. ಎಡಕ್ಕ ಬಲಕ್ಕ ಆ ಧೋತರಾ ಹೊತಗೊಂಡ ಅಡ್ಡಾಡಾಕತ್ತೀ, ನಾ ಏನ ಕುರುಡಿನೇನು? ದೀಪಾವಳಿ ಆದಾಗಿಂದ ಐತದು. ಸಾಲಿ ಬಿಟ್ಟ ಮ್ಯಾಲೆ ಒಬ್ಬಾಕಿನ ಹೋಗಿ ಡಾಕ್ಟರ್‌ಗೂ ತೋರಿಸೇನಿ. ಯಾರಿಗೂ ಹತ್ತಂಗಿಲ್ಲಂತ. ಹಿಂಗ ಉಳದ್ರೂ ಉಳೀತೈತಿ, ದೊಡ್ಡದಾದ್ರೂ ಆಕ್ಕೈತಿ ಅಂದ್ರು. ಹಚ್ಚಾಕ ಮುಲಾಮ ಕೊಟ್ಟಾರ."

"ಸುಮ್ಕಿರಲೇ!" ಕಾಕೂ ಮುಚ್ಚಿದ ಕಿಟಕಿಯ ಕಡೆ ನೋಡಿದಳು. "ಕಡ್ಲಿ ಕಾಳಿನಷ್ಟ ಕಲಿಗೆ ಎಷ್ಟ ದೊಡ್ಡ ಬಾಯಿ ನಿಂದು! ಪೌಡರ್ ಹಚ್ಚಿದ್ರ ಕಾಣಂಗಿಲ್ಲ."

"ಈಗ ಹಚ್ಚೇನಲ್ಲ ಅವ್ವಾ, ಕಾಣಾಕತ್ತೈತಿ."

"ಅದು ಈಕಿ ಲೈಟಿಗೆ ಕಾಣಾಕತ್ತೈತಿ!"

ನಾನು ಮನೆಯ ಹುಡುಗಿ, ನನ್ನನ್ನು ಬೈಯಬಹುದು. ಕಾಕೂ ನನ್ನ ಕಡೆ ತಿರುಗಿ ದನಿ ತಗ್ಗಿಸಿದಳು. "ಕಂಪ್ಯೂಟರ್‌ನ್ಯಾಗ ಅದನ್ನ ಅಳಸಾಕ ಬರ್ತೈತಲ್ಲ? ಮಂದಿ ಎಲ್ಲಾ ಮಾಡ್ತಾರಲ್ಲ?"

"ಬರ್ತೈತಿ," ಎಂದೆ. ಸುಳ್ಳು ಹೇಳಲು ಆಗಲಿಲ್ಲ. ಅದು ಚಹಾ ಕುದಿಯುವಷ್ಟರಲ್ಲಿ ಆಗುವ ಕೆಲಸ.

"ಅಳಸಿದ್ರ ನಾ ಅವರ ಮುಂದ ಬಂದ ಕುಂದ್ರಂಗಿಲ್ಲ," ತಂಗಿ ಹೇಳಿದಳು. ಕೂಗಲಿಲ್ಲ. ತರಗತಿಯಲ್ಲಿ ಲೆಕ್ಕದ ಮೆಟ್ಟಿಲು ಹೇಳುವವಳಂತೆ ಹೇಳಿದಳು. "ಲಗ್ನಾದ ಮ್ಯಾಲೆ ದೊಡ್ಡದಾತು ಅಂತ ತಿಳ್ಕೊ. ಮುಚ್ಚಿ ಕೊಟ್ಟಾರ ಅಂತಾರ. ಅಲ್ಲಿ ದಿನಾ ಮಾತು ಕೇಳಾಕಿ ನಾನ, ನೀ ಅಲ್ಲ. ಈಗ ಬ್ಯಾಡಂದ್ರ ಬ್ಯಾಡಂದ್ರಾತು."

"ಬ್ಯಾಡಂದವರು ಯಾಕ ಬ್ಯಾಡಂದ್ರು ಅಂತ ಊರಿಗೆಲ್ಲಾ ಹೇಳ್ತಾರ. ಆಮ್ಯಾಲೆ ಮತ್ಯಾರು ಬರ್ತಾರ?"

ಇಬ್ಬರ ಮಾತೂ ಸರಿಯೆನಿಸಿತು. ನಾನು ಫ್ಲ್ಯಾಶಿನ ಸೆಲ್ಲು ಬಿಚ್ಚತೊಡಗಿದೆ. ಬಿಸಿಯಾಗಿದ್ದವು.

ಕಾಕಾ ಶೆಡ್ಡಿನಿಂದ ನೀರು ಕುಡಿಯಲು ಬಂದಿದ್ದ. ಅವನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಧೋತರ ಹಗ್ಗಕ್ಕೆ ನೇತಾಡುವುದನ್ನು ನೋಡಿ, "ಇದೇನ ನನ್ನ ಧೋತರದ್ದೂ ಫೋಟೋ ತೆಗದ್ರೇನು?" ಎಂದು ನಕ್ಕ. ಯಾರೂ ನಗದಿದ್ದಾಗ, ಹೆಂಗಸರ ಜಗಳ ಎಂದುಕೊಂಡು, ಫೋನು ಕಟ್ಟೆಯ ಮೇಲೆ ಇಟ್ಟು ಮುಖ ತೊಳೆಯಲು ಹೋದ. ನಡುವಿನವರ ನಂಬರು ಇದ್ದದ್ದು ಅದೇ ಫೋನಿನಲ್ಲಿ. ತಂಗಿ ನನ್ನ ಕಡೆ ಕೈ ಚಾಚಿದಳು. ಯಾವುದು ಎಂದು ಕೇಳಿದೆ. ಧೋತರ ಬಲಗಡೆ ಕಟ್ಟಿ ತೆಗೆದದ್ದನ್ನು ತೋರಿಸಿದಳು. ಅದು ಅವತ್ತಿನ ಫೋಟೋಗಳಲ್ಲೆಲ್ಲ ಚೆಂದದ್ದು. ಕಣ್ಣಿನಲ್ಲಿ ನಗುವಿಲ್ಲ, ಆದರೆ ಹೆದರಿಕೆಯೂ ಇಲ್ಲ. ದವಡೆ ಪೂರ್ತಿ ಕಾಣುತ್ತದೆ.

ಕ್ಯಾಮೆರಾದ ಕಾರ್ಡು ನನ್ನ ಮೊಬೈಲಿಗೆ ಜೋಡಿಸಿ, ಆ ಫೋಟೋವನ್ನು ಕಾಕಾನ ಫೋನಿಗೆ ಕಳಿಸಿದೆ. ತಂಗಿ ಅಲ್ಲಿಂದ ಮುಂದೆ ಕಳಿಸಿದಳು, ತನ್ನ ತಾಯಿಯ ಎದುರಿಗೇ. ಕಾಕೂ ಕೈ ಹಿಡಿದು ತಡೆಯಬಹುದಿತ್ತು. ಎರಡು ಮಾರು ದೂರದಲ್ಲಿದ್ದಳು. ತಡೆಯಲಿಲ್ಲ. "ನಿನ್ನ ಹಣೇಬಾರ," ಎಂದು ಅಡಿಗೆ ಮನೆಗೆ ಹೋದಳು, ಸ್ವಲ್ಪ ಹೊತ್ತಿಗೆ ಅಲ್ಲಿಂದ ರೊಟ್ಟಿ ತಟ್ಟುವ ಸಪ್ಪಳ ಬಂತು. ಅವತ್ತು ಆ ಸಪ್ಪಳ ಎಂದಿಗಿಂತ ಜೋರಾಗಿತ್ತು ಎಂದು ನನ್ನ ನೆನಪು. ಹಾಗೆ ನೆನಪಿಟ್ಟುಕೊಳ್ಳುವುದು ಸುಲಭ, ಅದಕ್ಕೇ ನಂಬಲಾರೆ.

ಬಬಲೇಶ್ವರದ ಉತ್ತರ ಎರಡು ದಿನ ಬಿಟ್ಟು ಬಂತು. ಫೋಟೋ ಚೆನ್ನಾಗಿದೆ, ಕನ್ಯಾ ನೋಡಲು ಬರುತ್ತೇವೆ. ಕಾಕೂ ಫೋನಿನಲ್ಲಿ ಹೇಳುವಾಗ ಅವಳ ದನಿಯಲ್ಲಿ ಗೆದ್ದ ಖುಷಿಯಿತ್ತು, ನನಗೂ ಎದೆ ಹಗುರಾಯಿತು. ನೋಡಿದರು, ಒಪ್ಪಿದರು, ಎಷ್ಟು ಒಳ್ಳೆಯ ಜನ ಎಂದುಕೊಂಡೆ. ತಂಗಿ ಮಾತ್ರ ಶಾಲೆ ಬಿಟ್ಟ ಮೇಲೆ ನನ್ನ ಮನೆಗೆ ಬಂದು ಕೇಳಿದಳು, "ಅದರ ಬಗ್ಗೆ ಏನೂ ಅಂದಿಲ್ಲಂತಕ್ಕಾ. ನೋಡಿರ್ತಾರ ಅಂತೀಯೇನು?" ನೋಡದೆ ಏನು, ಎಂದೆ.

ತೋರಿಸುವ ಶಾಸ್ತ್ರ ನನ್ನ ಮನೆಯಲ್ಲಿ ಎಂದು ನಿಶ್ಚಯವಾಯಿತು. ಟಿಕೋಟಾದಲ್ಲಿ ಹೊರಗಿನ ಗಾಡಿ ಮನೆಯ ಮುಂದೆ ನಿಂತರೆ ಓಣಿ ಲೆಕ್ಕ ಹಾಕುತ್ತದೆ. ವಿಜಯಪುರದಲ್ಲಾದರೆ ಗುಡಿಗೆ ಬಂದವರು, ಹಾಗೇ ನೆಂಟರ ಮನೆಗೆ ಬಂದರು. ಕಾಕಾ, ಕಾಕೂ, ತಂಗಿ ಬೆಳಿಗ್ಗೆಯೇ ಬಂದರು. ಕಾಕೂ ಬಂದವಳೇ ಕುರ್ಚಿಗಳ ಜಾಗ ಬದಲಿಸಿದಳು. ತಂಗಿಯ ಕುರ್ಚಿಯನ್ನು ಎಡಬದಿ ಗೋಡೆಗೆ ತಾಗುವಂತೆ ಇಟ್ಟಳು, ಸೆರಗನ್ನು ಎಡಭುಜದ ಮೇಲಿಂದ ಕಿವಿಯವರೆಗೆ ಎಳೆದು ಪಿನ್ನು ಚುಚ್ಚಿದಳು. ತಂಗಿ ಸುಮ್ಮನೆ ಚುಚ್ಚಿಸಿಕೊಂಡಳು.

ಹುಡುಗ, ಅವನ ತಂದೆ, ತಾಯಿ ಬಂದರು. ಉಪ್ಪಿಟ್ಟು, ಚಹಾ ಆಯಿತು. ಹುಡುಗನ ತಂದೆ ಕಾಕಾನ ಜೊತೆ ಈ ಸಲದ ದ್ರಾಕ್ಷಿಯ ಮಾತಿಗೆ ಕುಳಿತ. ಹುಡುಗ ಕಡಿಮೆ ಮಾತಿನವನು. ತಾಯಿ ಅಗಲ ಕುಂಕುಮದ, ಬಾಯಿ ತುಂಬ ಮಾತಿನ ಹೆಂಗಸು. ಫೋಟೋ ತೆಗೆದವಳು ನಾನೆಂದು ತಿಳಿದ ಮೇಲೆ ತನ್ನ ಫೋನು ತೆಗೆದು ನನ್ನ ಪಕ್ಕಕ್ಕೆ ಬಂದು ಕುಳಿತಳು.

"ಅಗದಿ ಚಂದ ಬಂದೈತ್ರಿ ನಮ್ಮವ್ವಾ. ಹುಡುಗಿ ಹೆಂಗದಾಳೋ ಹಂಗ ಬಂದೈತಿ. ಆದ್ರ ಇಲ್ಲೊಂದೀಟು ನೋಡ್ರಿ," ದವಡೆಯ ಮೇಲೆ ಉಗುರಿಟ್ಟಳು, "ಇಲ್ಲಿ ನಿಮ್ಮ ಲೈಟು ಜಾಸ್ತಿ ಬಡದೈತಿ. ಬೆಳ್ಳಗ ಆಗಿಬಿಟ್ಟೈತಿ."

ಆಗ ನನಗೆ ತಿಳಿಯಿತು. ಅವರು ನೋಡಿದ್ದರು, ನೋಡಿಯೂ ನೋಡಿರಲಿಲ್ಲ. ನಾನು ಮೊದಲ ಸಲ ಪರದೆಯಲ್ಲಿ ಕಂಡಾಗ ಏನೆಂದುಕೊಂಡೆನೋ ಅವರೂ ಅದನ್ನೇ ಅಂದುಕೊಂಡಿದ್ದರು. ದೀಪ ಸರಿಸಿ ನೋಡುವ ದಾರಿ ಅವರಿಗಿರಲಿಲ್ಲ.

ನಾನು ಬಾಯಿ ತೆರೆದೆ. ಏನು ಹೇಳುತ್ತಿದ್ದೆ ಎಂದು ಪ್ರಾಮಾಣಿಕವಾಗಿ ಗೊತ್ತಿಲ್ಲ. ಕಾಕೂ ನನಗಿಂತ ಮೊದಲಾದಳು.

"ಹೂಂನ್ರಿ, ಅಗದಿ ಸೋವಿ ಲೈಟ್ರಿ ಅದು. ನಾ ಅವತ್ತ ಹೇಳಿದ್ನಿ, ಇದನ್ನ ಒಗದು ಚಲೋದೊಂದು ತಗೋ ಅಂತ. ಕೇಳಂಗಿಲ್ಲ ನೋಡ್ರಿ ಈಗಿನ ಹುಡುಗ್ಯಾರು."

"ಮೊಬೈಲ್ ಸುಳ್ಳ ಹೇಳ್ತೈತಿ ಅಂತ ಕ್ಯಾಮೆರಾದ್ದು ಕೇಳಿದ್ವಿ," ಹುಡುಗನ ತಂದೆ ಚಹಾ ಬಶಿಗೆ ಸುರುವಿಕೊಳ್ಳುತ್ತ ಅಂದ, "ಇದೂ ಅದರ ಅಕ್ಕನ ಆತಲ್ಲ!"

ಎಲ್ಲರೂ ನಕ್ಕರು. ಕಾಕಾ ಎಲ್ಲರಿಗಿಂತ ಜೋರಾಗಿ ನಕ್ಕ, ಅವನಿಗೆ ನಿಜವಾಗಿಯೂ ನಗೆ ಬಂದಿತ್ತು. ನಾನು ಕಾಕೂನ ಕಡೆ ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ಬಶಿಯ ಅಂಚಿನಲ್ಲಿ ಅವಳ ಹೆಬ್ಬೆರಳು ಬೆಳ್ಳಗಾಗಿತ್ತು. ಮಾತು ದ್ರಾಕ್ಷಿಗೆ ವಾಪಸಾಗುವುದರಲ್ಲಿತ್ತು. ಇನ್ನೊಂದು ಗುಟುಕು ಚಹಾ, ಆಮೇಲೆ ಅವರು ಏಳುತ್ತಿದ್ದರು, ತಾರೀಖಿನ ಮಾತು ಬರುತ್ತಿತ್ತು.

"ಲೈಟಿಂದಲ್ರಿ ಅದು."

ತಂಗಿ ಎದ್ದು ನಿಂತಿದ್ದಳು. ಪಿನ್ನು ಬಿಚ್ಚಲು ಹೋದಳು, ಅದು ಸೀರೆಗೆ ಸಿಕ್ಕಿಕೊಂಡಿತು. ಪಿನ್ನು ಬಿಚ್ಚಲು ಅವಳಿಗೆ ಬಹಳ ಹೊತ್ತು ಹಿಡಿಯಿತು, ಅಥವಾ ನನಗೆ ಹಾಗೆ ಅನ್ನಿಸಿತು. ಸೆರಗು ಸರಿಸಿ, ಕುರ್ಚಿಯಿಂದ ಆಚೆ ಬಂದು, ಕಿಟಕಿಯ ಬೆಳಕಿಗೆ ಎಡದವಡೆ ತಿರುಗಿಸಿದಳು.

"ನನ್ನ ಚರ್ಮಾನ ಹಂಗ ಐತ್ರಿ. ಅಕ್ಕ ಖರೇನ ತೆಗದಾಳ. ನಿಮಗ ಗೊತ್ತಾಗ್ಲಿ ಅಂತ ಅದ ಫೋಟೋ ಕಳಸೇನ್ರಿ ನಾ."

ಕಾಕಾನ ಮುಖದಲ್ಲಿ ನಗು ಇನ್ನೂ ಇಳಿದಿರಲಿಲ್ಲ. ಅವನು ಒಮ್ಮೆ ಮಗಳನ್ನು, ಒಮ್ಮೆ ಹೆಂಡತಿಯನ್ನು ನೋಡಿದ. ಕಾಕೂ ನೆಲ ನೋಡುತ್ತಿದ್ದಳು.

ಹುಡುಗನ ತಾಯಿ ಎದ್ದು ಹತ್ತಿರ ಹೋದಳು. ಕನ್ನಡಕ ಹಣೆಗೇರಿಸಿ ನೋಡಿದಳು, ಬೆರಳಿನಿಂದ ಮುಟ್ಟಿದಳು.

"ನೋವೇನರ ಐತೇನ ಯವ್ವಾ?"

"ಇಲ್ರಿ."

"ಮತ್ತ ಎಲ್ಲೆರ?"

"ಇಲ್ರಿ. ಇದೊಂದ."

"ಡಾಕ್ಟರ್ ಏನಂತಾರ್ರಿ?" ಇದು ಹುಡುಗ ಕೇಳಿದ್ದು, ಅವತ್ತಿನ ಅವನ ಒಂದೇ ಪೂರ್ತಿ ವಾಕ್ಯ. ತಂಗಿ ನನಗೆ ಹೇಳಿದ್ದನ್ನೇ ಅವನಿಗೂ ಹೇಳಿದಳು. ದೊಡ್ಡದಾದರೂ ಆಗಬಹುದು ಎಂಬುದನ್ನು ಬಿಡಲಿಲ್ಲ. ಅವನು ತಲೆಯಾಡಿಸಿದ. ಅದು ತಿಳಿಯಿತು ಎಂಬ ತಲೆಯಾಡಿಸುವಿಕೆ, ಬೇರೆ ಏನನ್ನೂ ಅದರಲ್ಲಿ ಓದಲಾರೆ.

ತಂದೆ ಗಡಿಯಾರ ನೋಡಿದ. ತಿಳಿಸ್ತೀವ್ರಿ, ಎಂದ. ಹೊರಡುವಾಗ ನಾನು ಅರಿಷಿಣ ಕುಂಕುಮದ ಬಟ್ಟಲು ಹಿಡಿದು ನಿಂತೆ. ಹುಡುಗನ ತಾಯಿ ತಾನು ಹಚ್ಚಿಕೊಂಡು, ಅದೇ ಬೆರಳಿನಿಂದ ತಂಗಿಯ ಹಣೆಗೂ ಹಚ್ಚಿದಳು. ಇದನ್ನು ನಾನು ಕಂಡೆ ಎಂದೇ ನಂಬಿದ್ದೇನೆ. ಆದರೆ ಆಮೇಲೆ ತಂಗಿಯನ್ನು ಕೇಳಿದಾಗ, "ಹಚ್ಚಿದ್ರೇನು? ನಂಗ ನೆನಪಿಲ್ಲಕ್ಕಾ," ಎಂದಳು. ಹಚ್ಚಿದ್ದರೂ ಅದು ಒಪ್ಪಿಗೆಯೋ, ಬರೀ ಮರ್ಯಾದೆಯೋ, ಯಾರು ಹೇಳಬೇಕು?

ಅವರು ಮೆಟ್ಟಿಲಿಳಿದ ಮೇಲೆ ಕಾಕಾ ಕೇಳಿದ ಮೊದಲ ಮಾತು ತಂಗಿಗಲ್ಲ, ಕಾಕೂಗೆ. "ನಿಂಗ ಗೊತ್ತಿತ್ತು. ನಂಗ್ಯಾಕ ಹೇಳಲಿಲ್ಲ?" ಕಾಕೂ ಬಶಿಗಳನ್ನು ಒಂದರ ಮೇಲೊಂದು ಇಟ್ಟು ಒಳಗೆ ಒಯ್ದಳು. ನಲ್ಲಿಯ ನೀರು ಹರಿಯುವ ಸಪ್ಪಳ ಬಂತು. ಕಾಕಾ ಮಗಳ ತಲೆಯ ಮೇಲೆ ಕೈಯಿಟ್ಟು, ಚಪ್ಪಲಿ ಹಾಕಿಕೊಂಡು ಹೊರಗೆ ಹೋದ. ಸಂಜೆ ಮೂವರೂ ಟಿಕೋಟಾದ ಬಸ್ಸು ಹತ್ತಿದರು. ಕಾಕೂ ಕಿಟಕಿಯಿಂದ ನನಗೆ ಕೈ ಮಾಡಲಿಲ್ಲ.

ಇದಾಗಿ ಎರಡು ವಾರ ಕಳೆದಿವೆ. ಬಬಲೇಶ್ವರದಿಂದ ಹೂಂ ಬಂದಿಲ್ಲ, ಬೇಡ ಎಂತಲೂ ಬಂದಿಲ್ಲ. ನಡುವಿನವರು ಫೋನು ಎತ್ತಿದರೆ, ಹಿರಿಯರ ಜೊತೆ ಮಾತಾಡುತ್ತಿದ್ದಾರೆ, ಸ್ವಲ್ಪ ತಡೆಯಿರಿ ಎನ್ನುತ್ತಾರೆ. ನಡುವೆ ಒಂದು ದಿನ ಗೆಳತಿಯ ಮಗುವಿನ ತೊಟ್ಟಿಲಿಗೆಂದು ಸಾರವಾಡಕ್ಕೆ ಹೋದಾಗ, ಅಲ್ಲಿಂದ ಯಾವ ಕೆಲಸವೂ ಇಲ್ಲದೆ ಬಬಲೇಶ್ವರದ ಬಸ್ಸು ಹತ್ತಿದೆ. ಸ್ಟ್ಯಾಂಡಿನಲ್ಲಿ ಇಳಿದು, ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯೊಂದನ್ನು ರಸ್ತೆಯ ಈಚೆಯಿಂದ ನೋಡಿದೆ. ಅದು ಅವರದೇ ಎಂದು ಖಾತ್ರಿಯಿಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವನು ತಲೆ ತಗ್ಗಿಸಿ ಏನೋ ಬರೆಯುತ್ತಿದ್ದ, ಮುಖ ಕಾಣಲಿಲ್ಲ. ಹೋಗಿ ಕೇಳುವ ಹಕ್ಕು ನನಗಿರಲಿಲ್ಲ. ಮುಂದಿನ ಬಸ್ಸಿಗೆ ವಾಪಸಾದೆ.

ತಂಗಿ ಎಂದಿನಂತೆ ಶಾಲೆಗೆ ಬರುತ್ತಾಳೆ. ಈಗ ಕೂದಲನ್ನು ಎಡಗಡೆ ಇಳಿಬಿಡುವುದಿಲ್ಲ, ಮೇಲಕ್ಕೆ ಕಟ್ಟುತ್ತಾಳೆ. ಅವರು ಬೇಡವೆಂದರೆ ಅವಳಿಗೆ ಎಷ್ಟು ನೋಯುತ್ತದೆ ಎಂದು ನನಗೆ ಗೊತ್ತಿಲ್ಲ. ಹುಡುಗ ಹಿಡಿಸಿದ್ದನೇ ಎಂದು ಯಾರೂ ಕೇಳಿಲ್ಲ, ನಾನೂ ಕೇಳಿಲ್ಲ.

ಕಳೆದ ರವಿವಾರ ಟಿಕೋಟಾಕ್ಕೆ ಹೋದೆ. ಕಾಕೂ ಶೆಡ್ಡಿನ ನೆರಳಿನಲ್ಲಿ ಮೊರದ ತುಂಬ ಒಣದ್ರಾಕ್ಷಿ ಹಾಕಿಕೊಂಡು ಕಡ್ಡಿ ಆರಿಸುತ್ತಿದ್ದಳು. ನನ್ನನ್ನು ನೋಡಿ ಸರಿದು ಜಾಗ ಮಾಡಿದಳು, ಮೊರವನ್ನು ನಡುವೆ ಎಳೆದಳು. ನಾನೂ ಆರಿಸತೊಡಗಿದೆ. ಅವತ್ತು ನನ್ನ ಮನೆಯಲ್ಲಿ, ತಂಗಿ ಕಿಟಕಿಯ ಕಡೆ ತಿರುಗಿದಾಗ, ಕಾಕೂ ನೆಲ ನೋಡುತ್ತ ಉಸಿರು ಬಿಟ್ಟದ್ದು ನನಗೆ ಕೇಳಿಸಿತ್ತು. ದೀರ್ಘವಾದ ಉಸಿರು. ಅದು ಎಂಥ ಉಸಿರೆಂದು ಅವತ್ತಿನಿಂದ ತಿಳಿಯಲು ನೋಡುತ್ತಿದ್ದೆ. ಕೇಳಿಬಿಟ್ಟೆ. ಅವಳು ತಲೆ ಎತ್ತಲಿಲ್ಲ, ಆರಿಸಿದ ಕಡ್ಡಿಗಳನ್ನು ಒಂದು ಕಡೆ ಸರಿಸಿ ಮತ್ತೊಂದು ಹಿಡಿ ಮೊರಕ್ಕೆ ಸುರಿದಳು. ನಾನು ಬಸ್ಸಿಗೆ ಹೊರಡುವವರೆಗೂ ಉತ್ತರ ಬರಲಿಲ್ಲ, ಇನ್ನೂ ಬಂದಿಲ್ಲ. ನಾನು ಕೇಳಿದ್ದು ಇಷ್ಟೇ:

"ಕಾಕೂ, ಆಕಿ ಹಂಗ ಎದ್ದ ನಿಂತ ಹೇಳಿಬಿಟ್ಟಾಗ ನಿನಗ ಹೆದರಿಕಿ ಆತೋ, ಹಗರ ಆತೋ?"